ಹಳದಿ ಹಾಲಿನ ದತ್ತೂರಿ: ಬಣ್ಣ ನೋಡಿ ಹೆಸರು ಬರೆಯಬೇಡಿ

ಕೊರ್ತಿ-ಕೊಲ್ಹಾರ ಸೇತುವೆ ದಾಟಿ ವಿಜಯಪುರದ ಕಡೆ ಹೊರಟರೆ, ಫೆಬ್ರುವರಿ ಹೊತ್ತಿಗೆ ರಸ್ತೆ ಬದಿಯಲ್ಲಿ ಒಂದು ಮುಳ್ಳುಗಿಡ ಹಳದಿ ಹೂ ಬಿಟ್ಟುಕೊಂಡು ನಿಂತಿರುತ್ತದೆ. ದನ, ಆಡು ಹಸಿದಿದ್ದರೂ ಇದರ ಗೊಡವೆಗೆ ಹೋಗುವುದು ಕಡಿಮೆ. ಕೆಲವರು ದತ್ತೂರಿ ಅಂತಾರೆ, ಕೆಲವರು ಅರಿಶಿನ ಉಮ್ಮತ್ತಿ, ಗಡಿ ಭಾಗದ ಮರಾಠಿಯವರಿಗೆ ಇದು ಪಿವಳಾ ಧೋತ್ರಾ. ಸಸ್ಯಶಾಸ್ತ್ರದವರು ಇಟ್ಟ ಹೆಸರು ಆರ್ಜಿಮೋನ್ ಮೆಕ್ಸಿಕಾನಾ. ಹೆಸರೇ ಹೇಳುವಂತೆ ಮೆಕ್ಸಿಕೋ ಕಡೆಯಿಂದ ಬಂದದ್ದು. ಗಸಗಸೆಯ ಕುಟುಂಬಕ್ಕೆ ಸೇರಿದ ಗಿಡ.

ಬಿಎಸ್‌ಸಿ, ಎಂಎಸ್‌ಸಿ ಹುಡುಗರು ಪ್ರಾಜೆಕ್ಟ್‌ಗೆ ಗಿಡ ಬೇಕು ಅಂತ ಖಾನಾಪುರದ ಕಾಡು, ಅಂಬೋಲಿ ಘಾಟ್ ಅಂತ ಓಡಾಡುತ್ತಾರೆ. ಬಸ್ ಸ್ಟ್ಯಾಂಡ್ ಹಿಂದಿನ ಖಾಲಿ ಸೈಟಿನಲ್ಲೇ ಅರ್ಧ ಡಜನ್ ಆಲ್ಕಲಾಯ್ಡ್ (ಗಿಡ ತಯಾರಿಸುವ, ನೈಟ್ರೋಜನ್ ಇರುವ ರಾಸಾಯನಿಕ) ಇಟ್ಟುಕೊಂಡ ಗಿಡ ನಿಂತಿದೆ, ಅದನ್ನು ಯಾರೂ ಕೇಳಲ್ಲ. ನಾನು ಎರಡು ಸೀಸನ್ ಇದರ ಹಿಂದೆ ಬಿದ್ದಿದ್ದೆ. ಮೊದಲನೇ ಸೀಸನ್ ಪೂರ್ತಿ ಹಾಳು, ಎರಡನೆಯದರಲ್ಲಿ ಸ್ವಲ್ಪ ಕೈಗೆ ಹತ್ತಿತು. ಅದರಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಾಲೇಜಿನ ಲ್ಯಾಬು, ವಿಷದ ಹಬೆ ಹೊರಗೆಳೆಯುವ ಫ್ಯೂಮ್ ಹುಡ್, ಮೇಲೆ ನೋಡಿಕೊಳ್ಳಲು ಒಬ್ಬರು ಮೇಷ್ಟ್ರು ಇದ್ದಾರೆ ಅಂತ ಇಟ್ಟುಕೊಂಡೇ ಬರೆಯುತ್ತಿರುವುದು. ಅಡುಗೆ ಮನೆಯಲ್ಲಿ ಮಾಡುವ ಕೆಲಸ ಇದಲ್ಲ.

ಮೊದಲು ಹೆಸರಿನ ಗೊಂದಲ ಬಗೆಹರಿಸಿ

ದತ್ತೂರಿ ಅಂದ ತಕ್ಷಣ ಅರ್ಧ ಜನ ಶಿವನಿಗೆ ಏರಿಸುವ ಬಿಳಿ ತುತ್ತೂರಿ ಹೂವಿನ ಗಿಡ ಅಂದುಕೊಳ್ಳುತ್ತಾರೆ. ಅದು ಬೇರೆ. ಅದು ಬದನೆ, ಟೊಮೇಟೊ ಕುಟುಂಬದ ದತುರಾ. ಅದರಲ್ಲಿರುವುದು ಅಟ್ರೋಪಿನ್, ಸ್ಕೋಪೊಲಮಿನ್. ನಮ್ಮ ಹಳದಿ ದತ್ತೂರಿಗೂ ಅದಕ್ಕೂ ಮುಳ್ಳುಕಾಯಿ ಒಂದು ಬಿಟ್ಟರೆ ಸಂಬಂಧವೇ ಇಲ್ಲ. ನಾನು ನೋಡಿದ ಒಂದು ಪ್ರಾಜೆಕ್ಟ್ ವರದಿಯಲ್ಲಿ ಫೋಟೋ ಹಳದಿ ಗಿಡದ್ದು, ಒಳಗಿನ ಓದೆಲ್ಲ ದತುರಾದ್ದು. ಪಾಪ, ಬರೆದವರಿಗೂ ಗೊತ್ತಿಲ್ಲ, ನೋಡಿದವರಿಗೂ ಗೊತ್ತಾಗಿಲ್ಲ.

ಗುರುತು ಹಿಡಿಯುವುದು ಕಷ್ಟವಲ್ಲ. ಎಲೆಯ ಅಂಚಿಗೆಲ್ಲ ಮುಳ್ಳು, ನರಗಳ ಉದ್ದಕ್ಕೂ ಸುಣ್ಣ ಬಳಿದಂತೆ ಬಿಳಿ ಪಟ್ಟೆ. ಮೊಗ್ಗಿನ ಮೇಲೆ ಮೂರು ಕೊಂಬು, ಹೂ ಅರಳಿದ ಕೂಡಲೇ ಆ ಹೊದಿಕೆ ಉದುರುತ್ತದೆ. ಸಾಮಾನ್ಯವಾಗಿ ಆರು ಹಳದಿ ಎಸಳು. ಕಾಯಿ ಒಣಗಿದರೆ ತುದಿಯಲ್ಲಿ ಬಾಯಿ ಬಿಡುತ್ತದೆ, ಒಳಗೆ ಸಾಸಿವೆಯಂಥ ಕಪ್ಪು ಬೀಜ. ಕಾಂಡ ಮುರಿದರೆ ಹಳದಿ ಹಾಲು. ಎಸಳು ತೀರಾ ಮಾಸಲು, ಕೆನೆ ಬಣ್ಣ ಇದ್ದರೆ ಸ್ವಲ್ಪ ನಿಲ್ಲಿ. ಅದು ಆರ್ಜಿಮೋನ್ ಓಕ್ರೋಲ್ಯೂಕಾ ಇರಬಹುದು, ಭಾರತದಲ್ಲಿ ಅದೂ ಇದೆ. ಎರಡನ್ನೂ ಒಂದೇ ಚೀಲಕ್ಕೆ ತುಂಬಿದರೆ ಮುಂದಿನ ಲೆಕ್ಕವೆಲ್ಲ ನೀರು ಪಾಲು.

ಹಾಗಾಗಿ ಒಂದು ಪೂರ್ತಿ ಗಿಡವನ್ನು ಬೇರು, ಹೂ, ಕಾಯಿ ಸಮೇತ ಪೇಪರ್ ನಡುವೆ ಒತ್ತಿ ಹರ್ಬೇರಿಯಂ ಹಾಳೆ ಮಾಡಿ, ಸಸ್ಯಶಾಸ್ತ್ರ ವಿಭಾಗದವರ ಕೈಯಲ್ಲಿ ಹೆಸರು ಖಚಿತ ಮಾಡಿಸಿ, ನಂಬರ್ ಹಾಕಿಸಿ ಇಟ್ಟುಬಿಡಿ. ಮುಳ್ಳಿನಿಂದಾಗಿ ಪೇಪರ್ ಹರಿಯುತ್ತದೆ, ಮೇಲೆ ಒಂದು ದಪ್ಪ ರಟ್ಟು ಇಟ್ಟು ಒತ್ತಿ. ಈ ಒಂದು ಹಾಳೆ ಇಲ್ಲದಿದ್ದರೆ ನಿಮ್ಮ ರಸಾಯನಶಾಸ್ತ್ರ ಎಷ್ಟೇ ಚೆನ್ನಾಗಿದ್ದರೂ ಯಾವ ಗಿಡದ್ದು ಅಂತ ಯಾರೂ ನಂಬಲ್ಲ.

ಇನ್ನೊಂದು ಮಾತು. ಗಸಗಸೆ ಕುಟುಂಬ ಅಂದ ಕೂಡಲೇ ಅಫೀಮಿನ ಗಿಡದ ಕಡೆ ಕುತೂಹಲ ಹೋಗುತ್ತದೆ. ಅದನ್ನು ಬಿಡಿ. ಲೈಸೆನ್ಸ್ ಇಲ್ಲದೆ ಅದನ್ನು ಬೆಳೆಯುವುದು 1985ರ ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆಯಲ್ಲಿ ಅಪರಾಧ. ದೇಶದಲ್ಲಿ ಲೈಸೆನ್ಸ್ ಸಿಗುವುದು ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದ ಗೊತ್ತಾದ ಕೆಲವು ಭಾಗಗಳ ರೈತರಿಗೆ ಮಾತ್ರ. ಪಾಯಸಕ್ಕೆ ಹಾಕುವ ಗಸಗಸೆಗೆ ತೊಂದರೆ ಇಲ್ಲ, ಗಿಡಕ್ಕೆ ಇದೆ. ನಮ್ಮ ದತ್ತೂರಿಯಲ್ಲಿ ಮಾರ್ಫಿನ್ ಇಲ್ಲವೇ ಇಲ್ಲ. ಅಫೀಮಿನ ಹಾಲು ಬಿಳಿ, ಇದರದ್ದು ಹಳದಿ.

ಒಳಗೆ ಏನಿದೆ

ಅಫೀಮಿನ ಗಿಡ, ದತ್ತೂರಿ ಎರಡೂ ಶುರು ಮಾಡುವುದು ಒಂದೇ ಕಡೆಯಿಂದ, ಟೈರೋಸಿನ್ ಎಂಬ ಅಮೈನೋ ಆಮ್ಲದಿಂದ. ಅಲ್ಲಿಂದ ಹಂತ ಹಂತವಾಗಿ ರೆಟಿಕ್ಯುಲಿನ್ ತನಕ ದಾರಿ ಒಂದೇ. ಆಮೇಲೆ ಕವಲು. ಅಫೀಮಿನ ಗಿಡದಲ್ಲಿ ಒಂದು ಕವಲು ಮಾರ್ಫಿನ್ ಕಡೆ ಹೋಗುತ್ತದೆ. ದತ್ತೂರಿ ಸ್ಕೌಲರಿನ್ ಎಂಬ ಇನ್ನೊಂದು ಕವಲು ಹಿಡಿದು ಬರ್ಬೆರಿನ್, ಪ್ರೋಟೋಪಿನ್, ಅಲೋಕ್ರಿಪ್ಟೋಪಿನ್, ಕೆಲೆರಿತ್ರಿನ್, ಸ್ಯಾಂಗ್ವಿನರಿನ್ ಕಡೆಗೆ ಹೋಗುತ್ತದೆ.

ಎಲ್ಲ ಭಾಗದಲ್ಲೂ ಎಲ್ಲವೂ ಇರಲ್ಲ. ಬರ್ಬೆರಿನ್ ಬೇರಲ್ಲೂ ಸಿಗುತ್ತದೆ, ಮೇಲಿನ ಭಾಗದಲ್ಲೂ ಸಿಗುತ್ತದೆ. ಸ್ಯಾಂಗ್ವಿನರಿನ್ ಹುಡುಕಬೇಕಾದರೆ ಬೇರು ಮತ್ತು ಬಲಿತ ಬೀಜ ನೋಡಬೇಕು. ಇದನ್ನೇ ಪ್ರಾಜೆಕ್ಟ್‌ನ ಪ್ರಶ್ನೆ ಮಾಡಿಕೊಳ್ಳಿ: ಯಾವ ಭಾಗದಲ್ಲಿ ಯಾವುದು? "ದತ್ತೂರಿಯ ಆಲ್ಕಲಾಯ್ಡ್‌ಗಳ ಅಧ್ಯಯನ" ಅಂತ ದೊಡ್ಡ ತಲೆಬರಹ ಹಾಕಿ ಇಡೀ ಗಿಡ ಪುಡಿ ಮಾಡಿದರೆ ಉತ್ತರ ಬರಲ್ಲ, ಬರೀ ಪುಡಿ ಉಳಿಯುತ್ತದೆ.

ಸ್ಯಾಂಗ್ವಿನರಿನ್ ತಮಾಷೆಯ ವಸ್ತು ಅಲ್ಲ. ದತ್ತೂರಿ ಬೀಜ ಸಾಸಿವೆಯ ಥರ ಕಾಣುವುದರಿಂದ ಸಾಸಿವೆ ಎಣ್ಣೆಯಲ್ಲಿ ಬೆರೆತು ಡ್ರಾಪ್ಸಿ ಎಂಬ ಕಾಯಿಲೆ ತಂದಿದೆ. ಕಾಲು ಬಾವು, ಉಸಿರುಗಟ್ಟುವುದು, ಹೃದಯಕ್ಕೆ ಪೆಟ್ಟು, ಕೆಲವರಿಗೆ ಕಣ್ಣಿನ ಗ್ಲಾಕೋಮಾ. 1998ರಲ್ಲಿ ದೆಹಲಿಯಲ್ಲಿ ಹೀಗೆ 60ಕ್ಕೂ ಜಾಸ್ತಿ ಜನ ಸತ್ತರು. ನಮ್ಮ ಕಡೆ ಶೇಂಗಾ ಎಣ್ಣೆ, ಕುಸುಬೆ ಎಣ್ಣೆ ಬಳಸುವವರು, ಸಾಸಿವೆ ಬರೀ ಒಗ್ಗರಣೆಗೆ. ಅದಕ್ಕೇ ಇಲ್ಲಿ ಆ ಸುದ್ದಿ ಅಷ್ಟು ಗೊತ್ತಿಲ್ಲ. ಆದರೆ ಹಳ್ಳಿಯಲ್ಲಿ ಇದರ ಹಾಲನ್ನು ಕಣ್ಣಿಗೆ ಬಿಡುವ ಮನೆಮದ್ದು ಹೇಳುವವರು ಇನ್ನೂ ಇದ್ದಾರೆ. ದಯವಿಟ್ಟು ಬೇಡ. ರುಚಿ ನೋಡುವುದೂ ಬೇಡ.

ಗಿಡ ಕೀಳುವ ದಿನ

ಎರೆ ಹೊಲದ ಬದುವಿನಲ್ಲಿ ಬೇಸಿಗೆಯಲ್ಲಿ ಬೇರು ಕೀಳಲು ಹೋಗಿ ನೋಡಿ, ಗೊತ್ತಾಗುತ್ತದೆ. ಮಣ್ಣು ಕಲ್ಲಾಗಿರುತ್ತದೆ, ಎಳೆದರೆ ಕಾಂಡ ಮಾತ್ರ ಕೈಗೆ ಬರುತ್ತದೆ. ಹಿಂದಿನ ಸಂಜೆ ಗಿಡದ ಬುಡಕ್ಕೆ ಎರಡು ಕೊಡ ನೀರು ಹಾಕಿ, ಬೆಳಗ್ಗೆ ಕುರ್ಪಿಯಿಂದ ಸುತ್ತ ಬಿಡಿಸಿದರೆ ಬೇರು ಪೂರ್ತಿ ಬರುತ್ತದೆ. ಕೈಗೆ ಚರ್ಮದ ಗ್ಲೌಸ್ ಇರಲಿ, ಲ್ಯಾಬಿನ ರಬ್ಬರ್ ಗ್ಲೌಸ್ ಈ ಮುಳ್ಳಿಗೆ ಲೆಕ್ಕಕ್ಕಿಲ್ಲ. ಕಣ್ಣಿಗೆ ಕನ್ನಡಕ ಬೇಕೇ ಬೇಕು, ಕಾಂಡ ಮುರಿದಾಗ ಹಾಲು ಎಲ್ಲಿ ಸಿಡಿಯುತ್ತದೋ ಹೇಳಲಾಗಲ್ಲ.

ಹೊಲದವರನ್ನು ಕೇಳಿಯೇ ಕೀಳಿ. ಕಳೆ ಗಿಡ ಅಂತ ಸುಮ್ನೆ ನುಗ್ಗಬೇಡಿ. ಡೋಣಿ ಸಾಲಿನ ಒಂದು ಹೊಲದಲ್ಲಿ ಅಜ್ಜಾರೊಬ್ಬರು ನನ್ನನ್ನು ಹತ್ತು ನಿಮಿಷ ನೋಡಿ, "ಏನ್ ತಮ್ಮಾ, ನಾವು ಕಿತ್ತು ಕಿತ್ತು ಸಾಕಾಗೇತಿ, ನೀ ಇದನ್ನ ಚೀಲದಾಗ ತುಂಬ್ಕೊಂಡ್ ಹೊಂಟಿ?" ಅಂದರು. ಆಮೇಲೆ ಅವರೇ ಇನ್ನೂ ಎಂಟು ಗಿಡ ಕಿತ್ತು ಕೊಟ್ಟರು, ಬಿಲ್ ಕೇಳಲಿಲ್ಲ.

ಒಂದೇ ಜಾಗದಿಂದ ಕಡಿಮೆ ಅಂದರೂ ಹತ್ತು ಗಿಡ ತೆಗೆದುಕೊಳ್ಳಿ. ಒಂದೇ ಗಿಡದ ಫಲಿತಾಂಶ ಆ ಗಿಡದ ಕಥೆ ಮಾತ್ರ. ಸ್ಥಳ, ದಿನಾಂಕ, ಬೆಳಗ್ಗೆಯೋ ಸಂಜೆಯೋ, ಎರೆಯೋ ಮಸಾರಿಯೋ, ಹೂ ಇತ್ತೋ ಕಾಯಿ ಇತ್ತೋ, ಎಲ್ಲ ಅಲ್ಲೇ ನಿಂತು ಪುಸ್ತಕದಲ್ಲಿ ಪೆನ್ಸಿಲ್‌ನಿಂದ ಬರೆಯಿರಿ. ಪೆನ್ ಇಂಕು ಬೆವರಿಗೆ ಹರಡುತ್ತದೆ. ಬೇರು, ಕಾಂಡ, ಎಲೆ, ಎಳೆ ಕಾಯಿ, ಬಲಿತ ಬೀಜ, ಎಲ್ಲವನ್ನೂ ಹೊಲದಲ್ಲೇ ಬೇರೆ ಬೇರೆ ಕಾಗದದ ಚೀಲಕ್ಕೆ ಹಾಕಿ. ಪ್ಲಾಸ್ಟಿಕ್ ಬೇಡ, ಬಿಸಿಲಿಗೆ ಬೆವತು ಬೂಷ್ಟು ಹಿಡಿಯುತ್ತದೆ.

ಬೇರಿನ ಮಣ್ಣನ್ನು ಬೇಗ ತೊಳೆದು ಒರೆಸಿ, ನೀರಲ್ಲಿ ನೆನೆಸಿಡಬೇಡಿ. ಒಣಗಿಸುವುದು ನೆರಳಲ್ಲಿ, ಅಥವಾ ಓವನ್‌ನಲ್ಲಿ 40 ಡಿಗ್ರಿ. ಮೊದಲ ವರ್ಷ ನಾನು ಏಪ್ರಿಲ್ ಬಿಸಿಲಿಗೆ ಮಾಳಿಗೆ ಮೇಲೆ ಹರವಿದ್ದೆ. ಮಧ್ಯಾಹ್ನದ ಗಾಳಿಗೆ ಚೀಟಿಗಳೆಲ್ಲ ಹಾರಿ ಪಕ್ಕದ ಮನೆಯ ಸಂಡಿಗೆ ಮೇಲೆ ಬಿದ್ದವು, ಬೇರು ಯಾವ ಊರಿನದ್ದು ಅಂತ ಇವತ್ತಿಗೂ ಗೊತ್ತಿಲ್ಲ. ಸಂಡಿಗೆ ಹತ್ತಿರ ವಿಷದ ಗಿಡ ಒಣಗಿಸಿದ್ದಕ್ಕೆ ಬೈಸಿಕೊಂಡಿದ್ದು ಬೇರೆ.

ಪುಡಿ ಮಾಡಲು ಮನೆಯ ಮಿಕ್ಸರ್ ಮುಟ್ಟಬೇಡಿ. ಲ್ಯಾಬಿನದ್ದೇ ಇರಲಿ, ಮೂಗಿಗೆ ಮಾಸ್ಕ್ ಇರಲಿ.

ಕಷಾಯ ಅಲ್ಲ, ಸಾರ

ಒಂದು ಗ್ರಾಂ ಪುಡಿ, ಹತ್ತು ಮಿಲಿ ಮೆಥನಾಲ್, ಅದಕ್ಕೆ ಒಂದೆರಡು ಹನಿ ಹೈಡ್ರೋಕ್ಲೋರಿಕ್ ಆಮ್ಲ. ಅರ್ಧ ಗಂಟೆ ಅಲ್ಲಾಡಿಸಿ, ಸೋಸಿ, ಉಳಿದ ಚರಟಕ್ಕೆ ಇನ್ನೆರಡು ಸಲ ಹೀಗೇ ಮಾಡಿ ಎಲ್ಲ ಸೇರಿಸಿ. ಇದರಲ್ಲಿ ಸ್ವಲ್ಪ ತೆಗೆದು ಒಂದು ಸಣ್ಣ ಬಾಟಲಿಗೆ ಹಾಕಿ ಫ್ರಿಜ್ಜಿನಲ್ಲಿ ಕತ್ತಲಲ್ಲಿ ಇಡಿ. ಇದು ಮೂಲ ಸಾರ, ಏನೇ ಎಡವಟ್ಟಾದರೂ ವಾಪಸ್ ಬರಲು ಇದೊಂದೇ ದಾರಿ.

ಎಲ್ಲ ಪುಸ್ತಕದಲ್ಲೂ ಮುಂದಿನ ಹೆಜ್ಜೆ ಒಂದೇ ಥರ ಇರುತ್ತದೆ. ಮೆಥನಾಲ್ ಆರಿಸು, ತೆಳು ಆಮ್ಲದಲ್ಲಿ ಕರಗಿಸು, ಅಮೋನಿಯಾ ಹಾಕಿ ಪಿಎಚ್ 9 ಮಾಡು, ಕ್ಲೋರೋಫಾರ್ಮ್‌ನಲ್ಲಿ ಅಲ್ಲಾಡಿಸು, ಆಲ್ಕಲಾಯ್ಡ್ ಕ್ಲೋರೋಫಾರ್ಮ್‌ಗೆ ಬರುತ್ತದೆ, ನೀರನ್ನು ಚೆಲ್ಲು. ದತ್ತೂರಿಯಲ್ಲಿ ಎಡವುವುದು ಇಲ್ಲೇ, ನಾನೂ ಎಡವಿದ್ದೇನೆ. ಪ್ರೋಟೋಪಿನ್, ಅಲೋಕ್ರಿಪ್ಟೋಪಿನ್ ಮಾತು ಕೇಳುತ್ತವೆ, ಕ್ಲೋರೋಫಾರ್ಮ್‌ಗೆ ಬರುತ್ತವೆ. ಆದರೆ ಬರ್ಬೆರಿನ್ ಕ್ವಾಟರ್ನರಿ ಆಲ್ಕಲಾಯ್ಡ್. ಅದರ ನೈಟ್ರೋಜನ್ ಮೇಲೆ ಯಾವಾಗಲೂ ಧನ ಚಾರ್ಜ್ ಕೂತಿರುತ್ತದೆ, ಅಮೋನಿಯಾ ಹಾಕಿದರೂ ಇಳಿಯಲ್ಲ. ಹಾಗಾಗಿ ಬಹುಪಾಲು ನೀರಲ್ಲೇ ಉಳಿಯುತ್ತದೆ. ಹಳದಿ ಹಳದಿ ನೀರನ್ನು ಸಿಂಕಿಗೆ ಸುರಿದು, ಆಮೇಲೆ "ಈ ಗಿಡದಲ್ಲಿ ಬರ್ಬೆರಿನ್ ತುಂಬಾ ಕಡಿಮೆ" ಅಂತ ಬರೆದವನು ನಾನೇ. ಎರಡೂ ಪದರ ಇಟ್ಟುಕೊಳ್ಳಿ, ಎರಡನ್ನೂ ಪರೀಕ್ಷೆ ಮಾಡಿ.

ಇದಕ್ಕಿಂತ ದೊಡ್ಡ ಮೋಸ ಇನ್ನೊಂದಿದೆ. ಈ ಚಾರ್ಜ್ ಇರುವ ಆಲ್ಕಲಾಯ್ಡ್‌ಗಳು ಕ್ಷಾರದಲ್ಲಿ ಕೈಗೆ ಸಿಕ್ಕಿದ ದ್ರಾವಕವನ್ನು ಅಂಟಿಸಿಕೊಂಡುಬಿಡುತ್ತವೆ. ಅಮೋನಿಯಾ ಜೊತೆ ಕ್ಲೋರೋಫಾರ್ಮ್ ಇದ್ದರೆ ಬರ್ಬೆರಿನ್ ಅದರೊಂದಿಗೆ ಸೇರಿ ಹೊಸ ವಸ್ತು ಆಗುತ್ತದೆ. ಸ್ಯಾಂಗ್ವಿನರಿನ್ ಮೆಥನಾಲ್ ಸಿಕ್ಕರೆ ಅದನ್ನು, ಅಸಿಟೋನ್ ಸಿಕ್ಕರೆ ಅದನ್ನು ಹಿಡಿದುಕೊಳ್ಳುತ್ತದೆ. ಅಂದರೆ ನಿಮ್ಮ ಟಿಎಲ್‌ಸಿ ಪ್ಲೇಟಿನ (ಸಾರದಲ್ಲಿರುವುದನ್ನು ಬೇರೆ ಬೇರೆ ಚುಕ್ಕೆಯಾಗಿ ಬಿಡಿಸಿ ತೋರಿಸುವ ಪ್ಲೇಟು, ಮುಂದೆ ಬರುತ್ತದೆ) ಮೇಲೆ ಕಾಣುವ ಹೊಸ ಚುಕ್ಕೆ ಗಿಡ ಮಾಡಿದ್ದಲ್ಲ, ನೀವು ಮಾಡಿದ್ದು. ಮೊದಲ ಸೀಸನ್‌ನಲ್ಲಿ ಅಸಿಟೋನ್‌ನಿಂದ ತೊಳೆದ ಫ್ಲಾಸ್ಕ್ ಸರಿಯಾಗಿ ಆರಿರಲಿಲ್ಲ, ಬೇರಿನ ಸಾರದಲ್ಲಿ ಯಾವ ಪುಸ್ತಕದಲ್ಲೂ ಇಲ್ಲದ ಒಂದು ಚುಕ್ಕೆ ಬಂತು. ಹೊಸ ಆಲ್ಕಲಾಯ್ಡ್ ಸಿಕ್ಕಿತು ಅಂತ ಮನೆಗೆ ಫೋನ್ ಮಾಡಿ ಹೇಳಿದ್ದೆ! ಗೈಡ್ ಮೇಡಂ ನಕ್ಕು, ಅಸಿಟೋನ್ ಇಲ್ಲದೆ ಇನ್ನೊಮ್ಮೆ ಮಾಡು ಅಂದರು. ಮಾಡಿದೆ. ಚುಕ್ಕೆ ಮಾಯ.

ಈಗ ನಾನು ಕ್ಲೋರೋಫಾರ್ಮ್ ಬದಲು ಈಥೈಲ್ ಅಸಿಟೇಟ್ ಬಳಸುತ್ತೇನೆ. ಅಮೋನಿಯಾ ಹಾಕಿದ ಮೇಲೆ ಹೊತ್ತು ಕಳೆಯಲ್ಲ. ಏನೇ ಹೊಸ ಚುಕ್ಕೆ ಬಂದರೂ ಮೂಲ ಸಾರದಲ್ಲಿ ಅದು ಇದೆಯಾ ಅಂತ ಮೊದಲು ನೋಡುತ್ತೇನೆ. ಅಲ್ಲಿ ಇಲ್ಲ ಅಂದರೆ ಅನುಮಾನ ನನ್ನ ಮೇಲೆಯೇ.

ಬೀಜದ ವಿಷಯ ಬೇರೆ. ಅದರಲ್ಲಿ ಎಣ್ಣೆ ಜಾಸ್ತಿ, ಮೊದಲು ಹೆಕ್ಸೇನ್‌ನಲ್ಲಿ ಎಣ್ಣೆ ತೆಗೆಯಬೇಕು ಅಂತ ಎಲ್ಲರೂ ಹೇಳುತ್ತಾರೆ, ಸರಿ. ಆದರೆ ಆ ಎಣ್ಣೆಯನ್ನು ಎಸೆಯಬೇಡಿ. ಸ್ಯಾಂಗ್ವಿನರಿನ್‌ಗೆ ಹೈಡ್ರೋಜನ್ ಸೇರಿದ ರೂಪವಾದ ಡೈಹೈಡ್ರೋಸ್ಯಾಂಗ್ವಿನರಿನ್‌ಗೆ ಚಾರ್ಜ್ ಇಲ್ಲ, ಅದು ಎಣ್ಣೆಯಲ್ಲೇ ಹೋಗುತ್ತದೆ. ಡ್ರಾಪ್ಸಿ ತಂದದ್ದು ಎಣ್ಣೆ ತಾನೇ, ಹಿಂಡಿ ಅಲ್ಲವಲ್ಲ.

ಚುಕ್ಕೆ ಓದುವುದು

ಮೇಯರ್, ವ್ಯಾಗ್ನರ್, ಡ್ರ್ಯಾಗನ್‌ಡಾರ್ಫ್ ಪರೀಕ್ಷೆಗಳನ್ನು ಮಾಡಿ, ಬೇಡ ಅನ್ನಲ್ಲ. ಮೇಯರ್‌ಗೆ ಕೆನೆ ಬಣ್ಣದ ಗಸಿ, ವ್ಯಾಗ್ನರ್‌ಗೆ ಕಂದು, ಡ್ರ್ಯಾಗನ್‌ಡಾರ್ಫ್‌ಗೆ ಕಿತ್ತಳೆ. ಇವು ಹೇಳುವುದು "ಆಲ್ಕಲಾಯ್ಡ್ ಇರಬಹುದು" ಅಂತ ಅಷ್ಟೇ, ಯಾವುದು ಅಂತ ಹೇಳಲ್ಲ, ಕೆಲವೊಮ್ಮೆ ಸುಳ್ಳೂ ಹೇಳುತ್ತವೆ. ಮೇಯರ್‌ನಲ್ಲಿ ಪಾದರಸ ಇದೆ, ಅದರ ತ್ಯಾಜ್ಯಕ್ಕೆ ಬೇರೆ ಬಾಟಲಿ ಇಡಿ.

ನಿಜವಾದ ಕೆಲಸ ಟಿಎಲ್‌ಸಿ ಪ್ಲೇಟಿನದ್ದು. ಸಿಲಿಕಾ ಜೆಲ್ ಎಫ್254 ಅಲ್ಯೂಮಿನಿಯಂ ಪ್ಲೇಟ್ ತೆಗೆದುಕೊಂಡು, ಕೆಳಗಿನಿಂದ ಒಂದು ಸೆಂಟಿಮೀಟರ್ ಮೇಲೆ ಪೆನ್ಸಿಲ್ ಗೆರೆ ಎಳೆದು, ಗಾಜಿನ ಕ್ಯಾಪಿಲರಿಯಿಂದ ಸಣ್ಣ ಚುಕ್ಕೆ ಇಡಿ. ಬ್ಯೂಟನಾಲ್, ಅಸಿಟಿಕ್ ಆಮ್ಲ, ನೀರು 7:1:2 ಪ್ರಮಾಣದಲ್ಲಿ ಬೆರೆಸಿದರೆ ಬರ್ಬೆರಿನ್‌ಗೆ ಒಗ್ಗುತ್ತದೆ. ನಿಧಾನ, ಈ ದ್ರಾವಕ ಒಂದು ಪ್ಲೇಟಿನಲ್ಲಿ ಮೇಲೇರುವಷ್ಟರಲ್ಲಿ ಕ್ಯಾಂಟೀನಿಗೆ ಹೋಗಿ ಮಂಡಕ್ಕಿ, ಮಿರ್ಚಿ ತಿಂದು ಬರಬಹುದು. ಕೈ ತೊಳೆದುಕೊಂಡು ಹೋಗಿ.

ಆರಿದ ಮೇಲೆ ಕತ್ತಲಲ್ಲಿ 366 ನ್ಯಾನೋಮೀಟರ್ ಯುವಿ ದೀಪದ ಕೆಳಗೆ ಇಟ್ಟರೆ ಬರ್ಬೆರಿನ್ ಹಳದಿಯಾಗಿ ಹೊಳೆಯುತ್ತದೆ, ಸ್ಯಾಂಗ್ವಿನರಿನ್ ಕಿತ್ತಳೆ. ಮೊದಲ ಸಲ ನೋಡಿದಾಗ ದೀಪಾವಳಿ ಅನ್ನಿಸುತ್ತದೆ. ಪ್ರೋಟೋಪಿನ್ ಹೀಗೆ ಬಣ್ಣ ತೋರಿಸಲ್ಲ. 254 ನ್ಯಾನೋಮೀಟರ್ ದೀಪದಲ್ಲಿ ಕಪ್ಪು ನೆರಳಾಗಿ ಸಿಗುತ್ತದೆ, ಇಲ್ಲವೇ ಡ್ರ್ಯಾಗನ್‌ಡಾರ್ಫ್ ಸಿಂಪಡಿಸಿದಾಗ ಕಾಣುತ್ತದೆ. ಸಿಂಪಡಿಸುವುದು ಕೊನೆಗೆ, ಅದಕ್ಕೂ ಮೊದಲು ಫೋಟೋ ತೆಗೆದುಕೊಳ್ಳಿ.

ಹಳದಿ ಹೊಳೆಯಿತು ಅಂತ "ಬರ್ಬೆರಿನ್" ಅಂತ ಬರೆಯಲು ಕೈ ಹೋಗುತ್ತದೆ ಅಲ್ವಾ? ತಡೆಯಿರಿ. ಅದೇ ಪ್ಲೇಟಿನಲ್ಲಿ ಅಡುಗೆ ಅರಿಶಿನದ ಸಾರದ ಚುಕ್ಕೆಯೊಂದನ್ನು ಇಟ್ಟು ನೋಡಿ. ಸಾಂಗ್ಲಿ ಪೇಟೆಯಿಂದ ಬಂದ ಮಾಮೂಲಿ ಅರಿಶಿನ. ಅದೂ ಹಳದಿ, ಅದೂ ಯುವಿಯಲ್ಲಿ ಹೊಳೆಯುತ್ತದೆ. ಆದರೆ ಅದರ ಕರ್ಕ್ಯುಮಿನ್‌ನಲ್ಲಿ ನೈಟ್ರೋಜನ್ನೇ ಇಲ್ಲ, ಆಲ್ಕಲಾಯ್ಡ್ ಅಲ್ಲವೇ ಅಲ್ಲ. ಪಕ್ಕದಲ್ಲಿ ಮರದರಿಶಿನದ ಸಾರ ಇಡಿ, ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ಚಕ್ಕೆ, ಅದರಲ್ಲಿ ಬರ್ಬೆರಿನ್ ಇದೆ. ಒಂದು ಚಿಟಿಕೆ ಸಾಕು, ಆ ಬಳ್ಳಿ ಕಾಡಲ್ಲಿ ಅಪರೂಪ ಆಗುತ್ತಿದೆ. ಇನ್ನೂ ಒಳ್ಳೆಯದು ಶುದ್ಧ ಬರ್ಬೆರಿನ್ ಕ್ಲೋರೈಡ್ ಕೊಳ್ಳುವುದು. ನಿಮ್ಮ ಸಾರ, ಸ್ಟ್ಯಾಂಡರ್ಡ್ (ಕೊಂಡ ಆ ಶುದ್ಧ ವಸ್ತು), ಎರಡನ್ನೂ ಒಂದರ ಮೇಲೊಂದು ಇಟ್ಟ ಮೂರನೇ ಚುಕ್ಕೆ, ಹೀಗೆ ಮೂರು ಇಡಿ. ಮೂರನೆಯದು ಎರಡಾಗಿ ಒಡೆದರೆ ಅದು ಬರ್ಬೆರಿನ್ ಅಲ್ಲ. ಒಡೆಯದಿದ್ದರೆ ಬೇರೆ ದ್ರಾವಕದಲ್ಲಿ ಮತ್ತೆ ಓಡಿಸಿ ನೋಡಿ.

ಸ್ಯಾಂಗ್ವಿನರಿನ್‌ಗೆ ಒಂದು ಸೊಗಸಾದ ಕೈಚಳಕ ಇದೆ. ಫ್ಯೂಮ್ ಹುಡ್ ಒಳಗೆ, ಪ್ಲೇಟನ್ನು ಅಮೋನಿಯಾ ಬಾಟಲಿಯ ಬಾಯಿಯ ಮೇಲೆ ಕೆಲವು ಸೆಕೆಂಡ್ ಹಿಡಿಯಿರಿ. ಆಮ್ಲದಲ್ಲಿ ಅದು ಕಿತ್ತಳೆ-ಕೆಂಪು, ಕ್ಷಾರ ತಾಗಿದರೆ ಬಣ್ಣ ಕಳೆದುಕೊಂಡು ಯುವಿಯಲ್ಲಿ ನೀಲಿ ಕಡೆಗೆ ತಿರುಗುತ್ತದೆ, ಆಮ್ಲದ ಹಬೆಗೆ ಹಿಡಿದರೆ ಮತ್ತೆ ಕಿತ್ತಳೆ. ಬರ್ಬೆರಿನ್ ಹೀಗೆ ಬದಲಾಗಲ್ಲ, ಹಳದಿಯಾಗೇ ಕೂತಿರುತ್ತದೆ. ಕೆಲೆರಿತ್ರಿನ್ ಕೂಡ ಇದೇ ಜಾತಿಯದ್ದು, ಅದೂ ಬಣ್ಣ ಬಿಡುತ್ತದೆ. ಹಾಗಾಗಿ ಇದು ಗುಂಪು ಹೇಳುತ್ತದೆ, ಹೆಸರು ಹೇಳಲ್ಲ.

ಹೆಸರು ಬೇಕಾದರೆ ಮಾಸ್ ಸ್ಪೆಕ್ಟ್ರೋಮೀಟರ್ (ಅಣುವಿನ ತೂಕ ಹೇಳುವ ಯಂತ್ರ) ಇರುವ ವಿಶ್ವವಿದ್ಯಾಲಯಕ್ಕೋ ಸಂಸ್ಥೆಗೋ ಮಾದರಿ ಕಳಿಸಿ. 0.22 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ, ಜೊತೆಗೆ ಬರೀ ದ್ರಾವಕದ ಒಂದು ಖಾಲಿ ಮಾದರಿಯನ್ನೂ ಇಡಿ, ಅದಕ್ಕೂ ದುಡ್ಡು ಕೇಳುತ್ತಾರೆ, ಕೊಡಿ. ಬರ್ಬೆರಿನ್ 336, ಸ್ಯಾಂಗ್ವಿನರಿನ್ 332, ಕೆಲೆರಿತ್ರಿನ್ 348, ಪ್ರೋಟೋಪಿನ್ 354, ಅಲೋಕ್ರಿಪ್ಟೋಪಿನ್ 370ರಲ್ಲಿ ಕಾಣಬೇಕು. ತೂಕ ಹೊಂದಿತು ಅಂತ ಅಲ್ಲಿಗೇ ಮುಗಿಸಬೇಡಿ. ಈ ಆಲ್ಕಲಾಯ್ಡ್‌ಗಳ ಬಳಗದಲ್ಲಿ ಒಂದೇ ತೂಕದ ಅಣ್ಣ ತಮ್ಮಂದಿರು ಇದ್ದಾರೆ, ಕೊಲಂಬಮಿನ್ ಮತ್ತು ಜಟ್ರೋರೈಜಿನ್ ಎರಡೂ 338. ಸ್ಟ್ಯಾಂಡರ್ಡ್ ಜೊತೆ ಯಂತ್ರದಲ್ಲಿ ಹೊರಬರುವ ಸಮಯವೂ ಹೊಂದಬೇಕು, ಅಣು ಒಡೆದ ಚೂರುಗಳ ತೂಕವೂ ಹೊಂದಬೇಕು. ಮಾದರಿಯನ್ನು ಹೊರದೇಶಕ್ಕೆ ಕಳಿಸುವ ಯೋಚನೆ ಇದ್ದರೆ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿಯ ವಿಷಯ ಮೊದಲೇ ವಿಭಾಗದಲ್ಲಿ ಕೇಳಿಕೊಳ್ಳಿ.

ವರದಿ ಬರೆಯುವಾಗ ಸ್ಟ್ಯಾಂಡರ್ಡ್ ಇಟ್ಟು ನೋಡಿದ್ದಕ್ಕೆ "ಬರ್ಬೆರಿನ್" ಅಂತ ಬರೆಯಿರಿ, ಇಡದೆ ನೋಡಿದ್ದಕ್ಕೆ "ಕಿತ್ತಳೆ ಹೊಳಪಿನ ಚುಕ್ಕೆ, ಅಮೋನಿಯಾಗೆ ಬಣ್ಣ ಬಿಟ್ಟಿತು" ಅಂತಲೇ ಬರೆಯಿರಿ. ವೈವಾದಲ್ಲಿ ಇದೇನು ಹೆಸರಿಲ್ಲದ ಚುಕ್ಕೆ ಅಂತ ಕೇಳುತ್ತಾರೆ. ಸ್ಟ್ಯಾಂಡರ್ಡ್ ಇರಲಿಲ್ಲ ಸರ್, ಅಂತ ಹೇಳಿ. ನನಗೆ ಆ ಉತ್ತರಕ್ಕೆ ಯಾರೂ ಮಾರ್ಕ್ಸ್ ಕಡಿಮೆ ಮಾಡಲಿಲ್ಲ.

ಉಳಿದ ಬೀಜವನ್ನು ಕಿಟಕಿಯಿಂದ ಆಚೆ ಎಸೆಯಬೇಡಿ. ನಮ್ಮ ಲ್ಯಾಬಿನ ಹಿಂದೆ ಈಗ ಹದಿನಾಲ್ಕು ಗಿಡ ಇವೆ, ತೋಟದ ಮಾಲಿ ನನ್ನ ಜೊತೆ ಮಾತು ಬಿಟ್ಟಿದ್ದಾನೆ.